ಅಸಲು ಅಳು

ಬಸುರಿ ಮಗಳ ಕುಬಸದ ದಿನ ನಾನು ಐದು ಬುಟ್ಟಿ ಬುತ್ತಿ ಹೊರಿಸಿಕೊಂಡು ಹೋಗಿ ಮೇಲಿನ ರಿ-ಕಟ್ಟೆಯ ಮೇಲೆ ನಿಂತುಬಿಟ್ಟೆ. ಮುಂದಿನ ಕಟ್ಟೆ ಮೇಲಿನ ಗ. ಮಗಳ ಮನೆ ಇರುವುದು ಅಲ್ಲೇ. ನಡುವೆ ಹನ್ನೆರಡೇ ಮೆಟ್ಟಿಲು. ಬಾಯಿ ತೆರೆದು ಗ ಹಿಡಿದರೆ ದನಿ ಹಳೇ ಗೋಣಿಚೀಲದ ಹಾಗೆ ಪರ್ರೆಂದು ಹರಿಯಿತು. ಕಾಲು ನೆಲ ಬಿಡಲಿಲ್ಲ. ಇನ್ನೊಂದು ಸಲ ಹಿಡಿದೆ. ಮೂರನೇ ಸಲಕ್ಕೆ ಮೇಲಿದ್ದ ಮುತ್ತೈದೆಯರೆಲ್ಲ ಕಿವಿ ಮುಚ್ಚಿಕೊಂಡರು. ಕೊನೆಗೆ ಬೀಗರ ಮನೆಯ ಹೆಂಗಸರೇ ಇಳಿದು ಬಂದು ಬುಟ್ಟಿ ಎತ್ತಿಕೊಂಡು ಹೋದರು. ಹಸಿರು ಬಳೆ ಇಟ್ಟದ್ದು, ಹೂ ಮುಡಿಸಿದ್ದು, ಆರತಿ ಎತ್ತಿದ್ದು ಎಲ್ಲವನ್ನೂ ನಾನು ಕೆಳಗೆ ನಿಂತು ಕಿವಿಯಲ್ಲೇ ನೋಡಿದೆ. ಕಣ್ಣಿಗೆ ಕಂಡದ್ದು ಮಗಳ ಸೀರೆಯ ಅಂಚು ಮಾತ್ರ.

"ಅವ್ವಾ, ಹಡಿಯೋ ಹೊತ್ತಿಗರೆ ಬರ್ತೀ ಇಲ್ಲೋ?" ಎಂದು ಕುಮುದಾ ಮೇಲಿನಿಂದ ಕೂಗಿದಳು.

"ಬರ್ದ ಎಲ್ಲಿ ಹೋಗ್ಲೆ? ಬರ್ತೀನಿ" ಎಂದೆ. ಹೇಳುವುದಕ್ಕೇನು, ಹೇಳಿಬಿಟ್ಟೆ.

ನಾನು ನಿಂಬೆವ್ವ. ಸ-ಕಟ್ಟೆಯ ಉಳ್ಳಾಗಡ್ಡಿ ಪೇಟೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹರಾಜು ಕೂಗುವವಳು. ನಮ್ಮದು ಗುಡ್ಡದ ಮೈಗೆ ಅಂಟಿಕೊಂಡ ಊರು. ತಳದ ಕೆಳಗಿನ ಪ-ದಿಂದ ತುದಿಯ ಮೇಲಿನ ಮ-ವರೆಗೆ ಹದಿನಾಲ್ಕು ಕಟ್ಟೆ. ಯಾವ ಕಟ್ಟೆಗೆ ಹೋಗಬೇಕೋ ಆ ಸ್ವರವನ್ನು ಒಂದು ಉಸಿರಿನಷ್ಟು ಹೊತ್ತು ಹಿಡಿಯಬೇಕು. ಹಿಡಿದರೆ ಕಾಲು ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಏರುವಾಗಲೂ ಅಷ್ಟೇ, ಇಳಿಯುವಾಗಲೂ ಅಷ್ಟೇ. ಯಾಕೆ ಎಂದು ಕೇಳಬೇಡಿ. ನಿಮ್ಮೂರಲ್ಲಿ ಮರದಿಂದ ಜಾರಿದವರು ಕೆಳಗೇ ಯಾಕೆ ಬೀಳುತ್ತಾರೆ ಎಂದು ನಾನು ಯಾವತ್ತಾದರೂ ಕೇಳಿದ್ದೇನೆಯೇ?

ಇದ್ದುದರಲ್ಲಿ ಹೊಂದಿಕೊಂಡಿದ್ದೇವೆ. ರೇಷನ್ ಅಂಗಡಿಯನ್ನು ಎಲ್ಲರಿಗೂ ಎಟುಕಲಿ ಎಂದು ಮ-ಕಟ್ಟೆಯಲ್ಲಿ ಇಟ್ಟಿದ್ದಾರೆ. ನೆಗಡಿಯಾಗಿ ದನಿ ಬಿದ್ದು ಸಿಕ್ಕಿಕೊಂಡವರಿಗೆಂದು ಪ್ರತಿ ಕಟ್ಟೆಯಲ್ಲೂ ಎರಡು ಚಾಪೆ, ಒಂದು ಕಂಬಳಿ ಇವೆ. ಗಂಡು ನೋಡುವಾಗ ಓದು, ನೌಕರಿ ಆಮೇಲೆ. ಮೊದಲು ಕೇಳುವುದು ಹುಡುಗ ಎಷ್ಟು ಕಟ್ಟೆಯವನು ಎಂದೇ. ಹದಿಮೂರು ತುಂಬಿದ ಗಂಡುಹುಡುಗರದಂತೂ ದೊಡ್ಡ ರಾಮಾಯಣ. ಬೆಳಿಗ್ಗೆ ಮೇಲಿನ ಸ-ದ ಶಾಲೆಗೆಂದು ಹೋದವನ ದನಿ ಪಾಠದ ನಡುವೆಯೇ ಒಡೆದು, ಸಂಜೆ ಕೆಳಗಿನ ಧ-ದಲ್ಲಿ ಕಕ್ಕಾಬಿಕ್ಕಿಯಾಗಿ ಸಿಗುತ್ತಾನೆ.

ಇನ್ನು ಸ. ಎಲ್ಲ ಸ್ವರಗಳೂ ಎಣಿಕೆಯಾಗುವುದು ಸ-ದಿಂದ. ಆ ಸ ಒಬ್ಬೊಬ್ಬರದು ಒಂದೊಂದು. ಕೂಸು ಹುಟ್ಟಿ ಮೊದಲ ಸಲ ಅತ್ತ ಕೂಡಲೇ ಅದರ ತಾಯಿಯ ತಾಯಿ ಆ ಅಳುವಿನ ಸ್ವರವನ್ನು ಹಿಡಿದು, ಕೂಸಿನ ಕಿವಿಯಲ್ಲಿ 'ಸಾ' ಎಂದು ಹಾಡಬೇಕು. ದನಿ ಕಚೇರಿಯ ಗುಮಾಸ್ತ ಅದನ್ನು ಬರೆದುಕೊಳ್ಳುತ್ತಾನೆ. ಅಲ್ಲಿಗೆ ಆ ಕೂಸಿನ ಸ ಜನ್ಮಪೂರ್ತಿ ಗಟ್ಟಿಯಾಯಿತು. ಹಿಡಿಯಲು ಅಜ್ಜಿ ಬರದಿದ್ದರೆ ಗುಮಾಸ್ತ ಹಾರ್ಮೋನಿಯಂ ಪೆಟ್ಟಿಗೆ ಬಾರಿಸಿ ಕಚೇರಿಯ ಸ ಕೊಟ್ಟು ಹೋಗುತ್ತಾನೆ. ಅದು ಯಾರ ಗಂಟಲಿಗೂ ಹೊಂದುವುದಿಲ್ಲ. ಕಟಿಂಗ್ ಅಂಗಡಿಯ ದ್ಯಾಮಣ್ಣನನ್ನೇ ನೋಡಿ, ಕಚೇರಿಯ ಸ-ದವನು. ನಲವತ್ತು ವರ್ಷದಿಂದ ಗ ಮತ್ತು ಮ, ಈ ಎರಡೇ ಕಟ್ಟೆಯ ಮೇಲೆ ಬದುಕಿದ್ದಾನೆ. ಅವ್ವ ಸತ್ತಾಗ ಮಣ್ಣಿಗೂ ಹೋಗಲಾಗಲಿಲ್ಲ. ನನ್ನ ಮೊಮ್ಮಗುವಿಗೆ ಆ ಗತಿ ಬರಬಾರದು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ತಪ್ಪು ನನ್ನದೇ. ಚೊಚ್ಚಿಲ ಹೆರಿಗೆಗೆ ತವರಿಗೆ ಬರುವ ಪದ್ಧತಿ ನಮ್ಮಲ್ಲೂ ಇದೆ. ಕುಮುದಾ ನಾಲ್ಕನೇ ತಿಂಗಳಲ್ಲೇ ಬರುತ್ತೇನೆ ಎಂದಿದ್ದಳು. "ಹಂಗಾಮು ಮುಗೀಲಿ ತಡಿ, ಮನ್ಯಾಗ ಯಾರೂ ಇರಂಗಿಲ್ಲ" ಎಂದವಳು ನಾನು. ಅಷ್ಟರಲ್ಲಿ ಅವಳಿಗೆ ಉಬ್ಬಸ ಹತ್ತಿಕೊಂಡಿತು. ಒಂದು ಸ್ವರ ಹಿಡಿಯುವಷ್ಟು ದಮ್ಮು ಉಳಿಯಲಿಲ್ಲ. ಇದ್ದ ಕಟ್ಟೆಯಲ್ಲೇ ಇರು ಎಂದು ಡಾಕ್ಟರಮ್ಮ ಹೇಳಿಬಿಟ್ಟಳು. ಕುಬಸವನ್ನೂ ಐದನೇ ತಿಂಗಳಲ್ಲೇ ಮುಗಿಸಿದರು. ಹೆರಿಗೆಗೆ ನಾಲ್ಕು ತಿಂಗಳಿತ್ತು. ಆ ದಿನ ಮೆಟ್ಟಿಲಿಳಿಯುವಾಗಲೂ ಕಣ್ಣಲ್ಲಿ ಹನಿ ನೀರು ಬರಲಿಲ್ಲ. ನನಗೆ ಬರುವುದಿಲ್ಲ. ಗಂಡ ತೀರಿಕೊಂಡಾಗಲೂ ನಾನು ಅಳಲಿಲ್ಲ. "ಕಲ್ಲೆದಿ ಇಕಿದು" ಎಂದು ಓಣಿಯವರು ಆಡಿಕೊಂಡರು. ಆಡಿಕೊಳ್ಳಲಿ. ಬರದ ಅಳುವನ್ನು ಎಲ್ಲಿಂದ ತರಲಿ?

ಮರುದಿನ ಬೆಳಿಗ್ಗೆಯೇ ಗ-ಕಟ್ಟೆಯ ವಾಮನ ಮಾಸ್ತರರ ಮನೆಗೆ ಹೋದೆ. ಹಾಡು ಕಲಿಸುವವರು. ಕಡ್ಡಿಯಂತಹ ಮನುಷ್ಯ, ಬಿಸಿನೀರು ಬಿಟ್ಟು ಬೇರೆ ಕುಡಿಯುವುದಿಲ್ಲ. ಎಲ್ಲಿ, ಮೇಲಿನ ಸ ಹಿಡಿಯಿರಿ ನೋಡೋಣ ಎಂದರು. ನಾನು ಹರಾಜಿನ ದನಿಯಲ್ಲೇ ಹಿಡಿದೆ. ತಂಬೂರಿಯ ಒಂದು ತಂತಿ ಕಡಿಯಿತು. ಅವರ ಬೆಕ್ಕು ಅಟ್ಟ ಏರಿದ್ದು ಮೂರು ದಿನ ಇಳಿಯಲಿಲ್ಲ.

"ಇದಕ್ಕ ಹಾಡೂದು ಅನ್ನೂದಿಲ್ರಿ ನಿಂಬೆವ್ವ. ಮನಿಗೆ ಬೆಂಕಿ ಬಿದ್ದಾಗ ಹಿಂಗ ಕೂಗ್ತಾರ."

"ಹೆಂಗರ ಇರ್ಲಿ, ಮ್ಯಾಲೆ ಒಯ್ತೈತಲ್ರಿ?"

"ಇಷ್ಟ ದಿನಾ ಒಯ್ತು. ಗಂಟಲಾ ಹರಕೊಂಡು ಒಯ್ತು. ಇನ್ನ ಒಯ್ಯೂದಿಲ್ಲ. ಹರಾಜು ಬಂದ್, ಕೂಗೂದು ಬಂದ್. ಒಂದ್ ಕೂಗು ಹಾಕಿದ್ರ ಒಂದ್ ತಿಂಗಳ ಕಲಿತದ್ದು ಹೋತು ಅಂತ ತಿಳ್ಕೋರಿ. ಹೊಟ್ಟಿಯಿಂದ ಉಸಿರು ತಗೊಂಡು, ಸುಲಭ ಬಂದಷ್ಟ ಹಾಡ್ರಿ."

ಸುಲಭವಾಗಿ ಬಂದದ್ದು ನಾಲ್ಕು. ಸ, ರಿ, ಗ, ಮ, ಮುಗಿಯಿತು. ಬೆಳಿಗ್ಗೆ ಹನ್ನೊಂದೂವರೆ ಕಟ್ಟೆಯ ಹೆಂಗಸಾಗಿ ಒಳಗೆ ಹೋದವಳು ಮಧ್ಯಾಹ್ನ ನಾಲ್ಕು ಕಟ್ಟೆಯವಳಾಗಿ ಹೊರಗೆ ಬಂದೆ. ನನ್ನ ಮನೆ ಇರುವುದು ಪ-ದಲ್ಲಿ! ಮ-ಕಟ್ಟೆಯ ಮೇಲೆ ನಿಂತು ನೋಡಿದರೆ ನನ್ನ ಮನೆಯ ಬಾಗಿಲು ಕಾಣುತ್ತದೆ, ಒಣಗಹಾಕಿದ ಸೀರೆ ಕಾಣುತ್ತದೆ, ಹೋಗಲಾಗುವುದಿಲ್ಲ. ಒಂದೇ ಒಂದು ಕೂಗು ಹಾಕಿದ್ದರೆ ಮನೆ ಸೇರುತ್ತಿದ್ದೆ. ಹಲ್ಲು ಕಚ್ಚಿಕೊಂಡು ಮಾಸ್ತರರ ಪಡಸಾಲೆಗೆ ವಾಪಸು ಬಂದು ಕಂಬಳಿ ಹಾಸಿಕೊಂಡೆ.

ಮೊದಲ ತಿಂಗಳಿಡೀ ಊರಿಗೆ ನಾನೇ ತಮಾಷೆ. "ಯಾಕ ನಿಂಬೆವ್ವ, ಸಂಗೀತ ಕಲತು ಮನಿ ಕಳಕೊಂಡ್ಯಂತ?" ಎಂದು ಪೇಟೆಯವರು ಕೇಳುತ್ತಿದ್ದರು. ದ್ಯಾಮಣ್ಣನಿಗಂತೂ ಖುಷಿಯೋ ಖುಷಿ. ಹೊಸ ನೆರೆಯವಳು ಬಂದಳೆಂದು ದಿನಾ ಚಹಾ ಕಳಿಸುತ್ತಿದ್ದ. ಹೊತ್ತು ಹೋಗದೆ ನಾನು ಮಾಸ್ತರರ ಜೊತೆ ಜಗಳಕ್ಕೆ ಬೀಳುತ್ತಿದ್ದೆ. ಕಲಿಯಲು ಬಂದದ್ದು ಇದ್ದುದನ್ನು ಹೆಚ್ಚಿಸಿಕೊಳ್ಳಲೋ, ಇದ್ದುದನ್ನೂ ಕಳೆದುಕೊಳ್ಳಲೋ ಎಂದು ಕೇಳಿದರೆ, ಅವರು ಬಿಸಿನೀರು ಗುಟುಕರಿಸಿ, "ನಿಮ್ಮ ಹತ್ರ ಇದ್ದದ್ದು ನಾಲ್ಕ. ಉಳದದ್ದೆಲ್ಲಾ ಬರೇ ಗದ್ದಲ" ಎಂದರು. ಸಿಟ್ಟಿಗೆ ಆ ದಿನ ಊಟ ಬಿಟ್ಟೆ. ಅವರು ಅದನ್ನು ಗಮನಿಸಲೂ ಇಲ್ಲ.

ಎರಡನೇ ತಿಂಗಳು ದನಿ ಬೆಳೆಯತೊಡಗಿತು. ಆದರೆ ಕೆಳಕ್ಕೆ! ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಮಾಸ್ತರರು ತಳದ ಸ್ವರಗಳನ್ನೇ ಹಾಡಿಸುತ್ತಿದ್ದರು. ಒಂದು ವಾರಕ್ಕೆ ಕೆಳಗಿನ ನಿ ಬಂತು, ಇನ್ನೊಂದು ವಾರಕ್ಕೆ ಧ, ಕೊನೆಗೆ ಕೆಳಗಿನ ಪ.

"ಮಗಳು ಮ್ಯಾಲಿದಾಳ್ರಿ ಮಾಸ್ತರ! ನೀವು ನನ್ನ ಪಾತಾಳಕ್ಕ ಇಳಸಾಕತ್ತೀರಿ" ಎಂದೆ.

"ಬುಡ ಗಟ್ಟಿ ಆಗ್ಲಿ. ಹೋಗಿ ಅಡ್ಡಾಡಿ ಬರ್ರಿ" ಎಂದರು.

ಹೋದೆ. ಐವತ್ನಾಲ್ಕು ವರ್ಷ ಈ ಊರಲ್ಲಿ ಬದುಕಿ ಕೆಳಗಿನ ಪ-ಕಟ್ಟೆಯನ್ನು ನಾನು ನೋಡಿರಲಿಲ್ಲ. ಸಾಣೆ ಹಿಡಿಯುವವರ ಓಣಿ ಅದು. ಚಾಕು, ಕತ್ತರಿ, ಈಳಿಗೆ, ಕುಡುಗೋಲು, ಊರಿನ ಮೊಂಡಾದದ್ದೆಲ್ಲ ಅಲ್ಲಿಗೆ ಹೋಗುತ್ತದೆ. ಒಬ್ಬ ಮುದುಕ ಕಾಲಲ್ಲಿ ಗಾಲಿ ತುಳಿಯುತ್ತ ಕತ್ತರಿಗೆ ಸಾಣೆ ಹಿಡಿಯುತ್ತಿದ್ದ. ಕಲ್ಲಿಗೆ ಕಬ್ಬಿಣ ತಾಗಿ ಕೀ ಎಂದು ಸಪ್ಪಳ ಬಂತು ನೋಡಿ, ನನ್ನ ಮೈ ಜುಮ್ಮೆಂದಿತು. ದಿನಾ ಮನೆ ಬಿಡುವ ಮುಂಚೆ ನಾವೆಲ್ಲ ನಮ್ಮ ನಮ್ಮ ಸ ಗುನುಗಿಕೊಳ್ಳುತ್ತೇವೆ. ಅದು ಸಾಯುವಾಗಲೂ ಮರೆಯದು. ಆ ಕಲ್ಲು ಹಾಡುತ್ತಿದ್ದುದು ನನ್ನ ಸ.

ಮುದುಕನ ಹೆಸರು ಹುಸೇನಸಾಬ. ನಾನು ಯಾರ ಮಗಳು, ಹುಟ್ಟಿದ ಮನೆ ಯಾವುದು ಎಂದು ವಿಚಾರಿಸಿದವನು ಗಾಲಿ ನಿಲ್ಲಿಸಿಬಿಟ್ಟ.

"ಅಯ್ಯ, ನೀ ಅವಳೇನವಾ? ನೀ ಹುಟ್ಟಿದ ದಿನ ನಮ್ಮಪ್ಪ ನಿಮ್ಮ ಅಂಗಳದಾಗ ಕುಂತು ಕುಡಗೋಲು ಮಸೀತಿದ್ದ. ನಾ ಬಾಜೂಕ ನೀರು ಹನಸ್ಕೋತ ಕುಂತಿದ್ದೆ. ನೀ ಹುಟ್ಟಿದಿ, ಅಳಲಿಲ್ಲ. ಎಲ್ಲಾರೂ ಗಾಬರಿಯಾಗಿ ನಿಂತಿದ್ರು. ನಿಮ್ಮಜ್ಜಿಗೆ ಕಿವಿ ಅಷ್ಟಕ್ಕಷ್ಟ. ನಮ್ಮಪ್ಪನ ಕಲ್ಲು ಕೀ ಅಂದಿದ್ದ ತಡ, ಅತ್ತಿತು, ಕೂಸು ಅತ್ತಿತು ಅಂತ ಓಡಿ ಹೋಗಿ ನಿನ್ನ ಕಿವ್ಯಾಗ ಸಾ ಅಂದ್ಬಿಟ್ಳು. ಗುಮಾಸ್ತ ಬರಕೊಂಡ."

"ಅಲ್ಲ ಅಂತ ಯಾರೂ ಹೇಳಲಿಲ್ಲೇನು?"

"ನಿಮ್ಮಜ್ಜಿಗೆ ಎದರಾಡಾಕ ಯಾರಿಗೆ ಧೈರ್ಯಿತ್ತವಾ?"

ಆಮೇಲಾದರೂ ನಾನು ಅತ್ತೆನೇ ಎಂದು ಕೇಳಿದೆ. ಇಲ್ಲ, ಎಲ್ಲರನ್ನೂ ಗುರುಗುಟ್ಟಿ ನೋಡಿದೆಯಂತೆ. ಹಾಗಾದರೆ ಇಷ್ಟು ದಿನ ನಾನು ಹೊತ್ತುಕೊಂಡು ತಿರುಗಿದ್ದು ಒಂದು ಸಾಣೆಕಲ್ಲಿನ ಸ. ಮಾಸ್ತರರಿಗೆ ಹೇಳಿದೆ. ಅವರು ನನ್ನನ್ನು ಸುಮ್ಮನೆ ಮಾತಾಡಿಸಿ, ಕೆಮ್ಮಿಸಿ, ನಗಿಸಿ, ತಂಬೂರಿಗೆ ಕಿವಿ ಹಚ್ಚಿ ಕೂತು ಕೊನೆಗೆ, "ನಿಮ್ಮ ಗಂಟಲಿಗಿಂತಾ ನಿಮ್ಮ ಸ ಮೂರು ಕಟ್ಟಿ ಮ್ಯಾಲದ. ಅದಕ್ಕ ಜಲ್ಮೆಲ್ಲಾ ಕೂಗಿಕೋತ ಬಂದೀರಿ" ಎಂದರು. ಹರಾಜಿನವಳು ನಾನಾಗಿ ಆಗಲಿಲ್ಲ, ಕಲ್ಲು ಮಾಡಿತು ಎಂದು ಆವತ್ತು ತಿಳಿಯಿತು.

ರಿ-ಕಟ್ಟೆಯ ದನಿ ಕಚೇರಿಗೆ ಹೋದೆ. ಗುಮಾಸ್ತ ಅಡಿವೆಯ್ಯ ದೊಡ್ಡ ಪುಸ್ತಕ ತೆಗೆದು ನನ್ನ ಪುಟ ನೋಡಿದ.

"ತಿದ್ದಬಹುದ್ರಿ. ತಿದ್ದಾಕ ಬರಂಗಿಲ್ಲ ಅಂತ ಎಲ್ಲೂ ಬರದಿಲ್ಲ. ಅಸಲು ಅಳು ತರ್ರಿ."

"ಏನು?"

"ನಿಮ್ಮ ಮೊದಲನೇ ಅಳು. ಕಚೇರಿ ಮನಷ್ಯಾ ಖುದ್ದ ಕೇಳಬೇಕು. ನಕಲು ನಡೆಯಂಗಿಲ್ಲ. ನಿನ್ನೆ ಒಬ್ಬಾಂವ ಉಳ್ಳಾಗಡ್ಡಿ ಹೆಚ್ಚಿಕೋತ ಬಂದಿದ್ದ, ವಾಪಸ್ ಕಳಸೀನಿ."

"ನಾ ಹುಟ್ಟಿದಾಗಿಂದ ಅತ್ತೇ ಇಲ್ಲೋ ಮಾರಾಯಾ!"

"ಹಂಗಾರ ಬಾಕಿ ಐತಿ ಅಂದಂಗಾತು. ಬಂದಾಗ ತಗೊಂಡ್ ಬರ್ರಿ" ಎಂದು ಪುಸ್ತಕ ಮುಚ್ಚಿದ. ಅವನ ತಲೆಯ ಮೇಲೆ ಆ ಪುಸ್ತಕವನ್ನೇ ಕುಟ್ಟಬೇಕೆನಿಸಿತು. ಕೂಗಬಾರದೆಂಬ ಕಟ್ಟು ಇತ್ತಲ್ಲ, ಪಿಸುದನಿಯಲ್ಲಿ ಬೈದು ಬಂದೆ.

ಮೂರನೇ ತಿಂಗಳು ದನಿ ಮೇಲಕ್ಕೆ ತಿರುಗಿತು. ಮೊದಲು ಪ ಬಂತು. ಮೆತ್ತಗೆ, ಹಾಲು ಉಕ್ಕಿದಂತೆ ತಾನಾಗಿ ಬಂತು. ಮನೆಗೆ ಹೋಗಿ ಬೀಗ ತೆಗೆದು, ಎರಡು ತಿಂಗಳ ಧೂಳು ಗುಡಿಸಿದೆ. ಆಮೇಲೆ ಧ. ಅದರಾಚೆ ನಡುವೆ ಒಂದು ಒಡಕು ಸಿಕ್ಕಿತು. ಹೊಸದಾಗಿ ಕಲಿಯುವ ಎಲ್ಲರಿಗೂ ಸಿಗುತ್ತದಂತೆ. ಧ-ದವರೆಗೆ ಒಂದು ದನಿ, ನಿ-ಯಿಂದ ಇನ್ನೊಂದು ದನಿ, ಎರಡಕ್ಕೂ ಮಾತುಕತೆಯಿಲ್ಲ. ಒಂದು ದಿನ ನಿ ಹಿಡಿದಾಗ ಎರಡೂ ದನಿ ಒಟ್ಟಿಗೇ ಹೊರಟವು. ಎಡಗಾಲು ಮೇಲೆ ಹೋಯಿತು, ಬಲಗಾಲು ಧ-ದಲ್ಲೇ ಉಳಿಯಿತು. ಅರ್ಧ ದಿನ ಹಾಗೇ ನಿಂತಿದ್ದೆ. ಹೋಗಿ ಬರುವವರು ಮಗ್ಗುಲಿಗೆ ಸರಿದು ದಾಟುತ್ತಿದ್ದರು. ಯಾರೋ ಪುಣ್ಯಾತ್ಮರು ಕೊಡೆ ತಂದು ಕೈಗೆ ಕೊಟ್ಟರು. ಮಾಸ್ತರರು ಮೆಟ್ಟಿಲ ಮೇಲೇ ಕೂತು, "ಒತ್ತಬ್ಯಾಡ್ರಿ, ಎರಡಕ್ಕೂ ಪರಿಚಯ ಆಗ್ಲಿ" ಎನ್ನುತ್ತಿದ್ದರು. ಸಂಜೆ ನಾಲ್ಕಕ್ಕೆ ಪರಿಚಯವಾಯಿತು. ಬಲಗಾಲೂ ಬಂತು.

ನಾಲ್ಕನೇ ತಿಂಗಳು ಮೇಲಿನ ಸ ಬಂತು. ರಿ ಅಲ್ಲಾಡುತ್ತಿತ್ತು. ಗ-ದ ಸುದ್ದಿಯೇ ಇರಲಿಲ್ಲ. ಅಷ್ಟರಲ್ಲಿ ಒಂದು ಮಧ್ಯಾಹ್ನ ಮೂರು ಗಂಟೆಗೆ ಅಳಿಯ ಮೇಲಿನಿಂದ ಕೂಗು ಹಾಕಿದ. ಕುಮುದಾಗೆ ಹೆರಿಗೆಯ ಬ್ಯಾನಿ ಜೋರಾಗಿದೆ.

ಓಡಿಬಿಡಬೇಕೆನಿಸಿತು. ಆದರೂ ಒಂದೊಂದೇ ಕಟ್ಟೆ, ಒಂದೊಂದೇ ಉಸಿರು, ಮಾಸ್ತರರು ಹೇಳಿಕೊಟ್ಟಂತೆ ಏರಿದೆ. ಮೇಲಿನ ಸ ದಾಟಿದೆ. ರಿ ಹಿಡಿದೆ, ನಡುಗಿತು, ನಿಂತಿತು, ಕಾಲು ಎದ್ದಿತು. ಕುಬಸದ ದಿನ ನಿಂತ ಅದೇ ಕಲ್ಲಿನ ಮೇಲೆ ಬಂದು ನಿಂತೆ. ಗ ಹಿಡಿದೆ. ಬರಲಿಲ್ಲ. ಮತ್ತೆ ಹಿಡಿದೆ. ಬರಲಿಲ್ಲ. ಮೇಲೆ ಕುಮುದಾ ನರಳುವುದು ಕೇಳುತ್ತಿತ್ತು. "ಅವ್ವಾ" ಎಂದು ಒಮ್ಮೆ ಕರೆದಳು.

ಅಷ್ಟರಲ್ಲಿ ಅಡಿವೆಯ್ಯ ಪೆಟ್ಟಿಗೆ ಬಗಲಿಗೆ ಹಾಕಿಕೊಂಡು ಬಂದ. ಕಚೇರಿಯವರಿಗೆ ಹಾಡುವ ಕಷ್ಟವಿಲ್ಲ. ಸರ್ಕಾರಿ ಪೀಪಿ ಊದಿಕೊಂಡು ಎಲ್ಲಿ ಬೇಕಾದರೂ ಏರುತ್ತಾರೆ.

"ತಡಿಯೋ ಅಡಿವೆಯ್ಯ, ನಿನ್ನ ಪೆಟಗಿ ಬ್ಯಾಡ. ನಾ ಬರಾಕತ್ತೀನಿ."

"ನಾಲ್ಕೂವರಿಗೆ ಪುಸ್ತಕ ಮುಚ್ಚಬೇಕ್ರಿ ನಿಂಬೆವ್ವ. ಅಷ್ಟ್ರಾಗ ಬಂದ್ರ ನೀವು, ಇಲ್ಲಂದ್ರ ಪೆಟಗಿ" ಎಂದು ಪೀಪಿ ಊದಿ ಆರು ಮೆಟ್ಟಿಲು ಏರಿದ.

ಹರಾಜಿನ ಕೂಗು ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು. ಒಂದು ಸಲ ಬಾಯಿ ಹರಿಯುವಂತೆ ಕೂಗಿದರೆ ಹೋಗಿಬಿಡುತ್ತೇನೆ, ಈಗ ಬುಡ ಗಟ್ಟಿಯಾಗಿದೆ, ಒಯ್ದೇ ಒಯ್ಯುತ್ತದೆ. ಆದರೆ ಹರಿದ ಗಂಟಲಲ್ಲಿ ಕೂಸಿನ ಕಿವಿಗೆ ಏನು ಹಾಡಲಿ? ನನ್ನಜ್ಜಿ ನನಗೆ ಕಲ್ಲಿನ ಸಪ್ಪಳ ಕೊಟ್ಟಳು, ನಾನು ಇದಕ್ಕೆ ಹರಾಜಿನ ಸಪ್ಪಳ ಕೊಡಲೇ? ಬಾಯಿ ಮುಚ್ಚಿಕೊಂಡೆ. ಎರಡೂ ಕೈಯಿಂದ ಒತ್ತಿ ಮುಚ್ಚಿಕೊಂಡೆ. ಹೀಗೆ ನಿಂತದ್ದು ನನ್ನ ಜನ್ಮದಲ್ಲೇ ಇಲ್ಲ.

ಆಗ ಕೂಸು ಅತ್ತಿತು.

ಎಷ್ಟು ಸಣ್ಣ ದನಿ! ಎಷ್ಟು ಸ್ಪಷ್ಟ! ಹನ್ನೆರಡು ಮೆಟ್ಟಿಲು ಇಳಿದು ಬಂದು ನೇರ ನನ್ನ ಎದೆಗೆ ಹೊಕ್ಕಿತು. ನನ್ನ ಹಂಗಾಮು, ನನ್ನ ಉಳ್ಳಾಗಡ್ಡಿ, ತಡಿ ಎಂದ ನನ್ನ ಬಾಯಿ, ಮಣ್ಣಾದ ಗಂಡ, ಎಲ್ಲ ಒಮ್ಮೆಗೇ ನೆನಪಾದವು. ಕೈ ತಾನಾಗಿ ಬಾಯಿಂದ ಜಾರಿತು. ಒಳಗಿನಿಂದ ಏನೋ ಎದ್ದು ಬಂತು. ಕೂಗಲ್ಲ, ಹಾಡಲ್ಲ. ಆ ದನಿ ಯಾರದೆಂದು ನನಗೇ ಗುರುತು ಸಿಗಲಿಲ್ಲ, ಸುತ್ತ ತಿರುಗಿ ನೋಡಿದೆ. ಮುಖವೆಲ್ಲ ಒದ್ದೆಯಾಗಿತ್ತು. ನಾನು ಅಳುತ್ತಿದ್ದೆ. ಮೇಲೆ ಅದು, ಕೆಳಗೆ ನಾನು, ಇಬ್ಬರೂ ಬಾಯಿ ತೆರೆದು ಅಳುತ್ತಿದ್ದೆವು.

ಅಡಿವೆಯ್ಯ ಆರನೇ ಮೆಟ್ಟಿಲ ಮೇಲೆ ನಿಂತುಬಿಟ್ಟ. ಮೇಲೆ ನೋಡಿದ, ಕೆಳಗೆ ನೋಡಿದ.

"ಇದು ಯಾರದ್ರಿ ಎರಡನೇ ಅಳು? ಅವಳಿ ಅದಾವೇನು?"

"ಅದು ನಮ್ಮವ್ವಂದು!" ಎಂದು ಕುಮುದಾ ಒಳಗಿನಿಂದ ಹೇಳಿದಳು. ಹಡೆದ ಸುಸ್ತಿನಲ್ಲೂ ಅವಳ ದನಿಯಲ್ಲಿ ನಗು ಇತ್ತು. "ಬರಕೋರಿ ಲಗೂನ, ಮತ್ತ ಸಿಗಂಗಿಲ್ಲ!"

ಅವನು ಗಡಿಬಿಡಿಯಲ್ಲಿ ಮೆಟ್ಟಿಲ ಮೇಲೇ ಕೂತು ಪುಸ್ತಕ ಬಿಚ್ಚಿದ. ಪೀಪಿಯಲ್ಲಿ ನನ್ನ ಅಳು ತೂಗಿ ನೋಡಿದ. "ಅಸಲು ಐತಿ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಬರೆದ. ಮಾಸ್ತರರು ಹೇಳಿದ್ದು ನಿಜವಾಗಿತ್ತು. ಹಳೆಯದಕ್ಕಿಂತ ಸರಿಯಾಗಿ ಮೂರು ಕಟ್ಟೆ ಕೆಳಗಿನ ಸ. ಸ ಕೆಳಗಿಳಿದರೆ ಲೆಕ್ಕ ಬದಲಾಗುತ್ತದಲ್ಲ, ನಡುಗುತ್ತಿದ್ದ ನನ್ನ ಹಳೇ ರಿ ಈಗ ಹೊಸ ಗ-ಕ್ಕಿಂತ ಎರಡು ಸ್ವರ ಮೇಲಿತ್ತು. ಹೊಸ ಸ-ದಿಂದ ಎಣಿಸಿ ಗ ಹಿಡಿದೆ. ಮಾತಾಡಿದಷ್ಟು ಸಲೀಸಾಗಿ ಬಂತು. ಶಾಯಿ ಆರುವ ಮುಂಚೆ ಕಾಲು ಎದ್ದಿತು. ಅಡಿವೆಯ್ಯನನ್ನೂ ಅವನ ಪೆಟ್ಟಿಗೆಯನ್ನೂ ದಾಟಿಕೊಂಡು ಓಡಿದೆ. ಕೂಸು ಇನ್ನೂ ಅಳುತ್ತಿತ್ತು. ಹೆಣ್ಣು. ಎತ್ತಿಕೊಂಡು, ಅದರ ಸ್ವರವನ್ನು ಕೇಳಿ, ಮತ್ತೊಮ್ಮೆ ಕೇಳಿ, ಕಿವಿಯಲ್ಲಿ ಮೆತ್ತಗೆ ಸಾ ಎಂದೆ. ಅದು ಅಳು ನಿಲ್ಲಿಸಿ ನನ್ನ ಮುಖ ನೋಡಿತು.

ಈಗ ನಾನು ಮೇಲಿನ ಮ-ವರೆಗೂ ಬೇಕಾದಾಗ ಹೋಗಿ ಬರುತ್ತೇನೆ. ಕೆಳಗಿನ ಪ ಮಾತ್ರ ಗಂಟಲಿಗೆ ಎಟುಕದಷ್ಟು ತಗ್ಗಿಗೆ ಹೋಗಿ ಕೈತಪ್ಪಿತು. ಈಳಿಗೆ ಮೊಂಡಾದರೆ ಯಾರ ಕೈಯಲ್ಲಾದರೂ ಕಳಿಸುತ್ತೇನೆ. ಹುಸೇನಸಾಬ ಹರಿತ ಮಾಡಿ, "ನಿನ್ನ ಹಳೇ ಸ ಇಲ್ಲೇ ಐತಿ, ಚಿಂತಿ ಬ್ಯಾಡ" ಎಂದು ಹೇಳಿ ಕಳಿಸುತ್ತಾನೆ. ಪೇಟೆಯಲ್ಲಿ ಹರಾಜನ್ನು ಮೆತ್ತಗೆ ಹೇಳುತ್ತೇನೆ, ಕೇಳಬೇಕಾದವರು ಬಾಯಿ ಮುಚ್ಚಿಕೊಂಡು ಹತ್ತಿರ ಬರುತ್ತಾರೆ.

ಒಂದೇ ಎಡವಟ್ಟು ಉಳಿದಿದೆ. ಅಡಿವೆಯ್ಯ ಗಡಿಬಿಡಿಯಲ್ಲಿ ನನ್ನ ಅಳುವನ್ನು ಆ ದಿನದ ಜನನದ ಪುಟದಲ್ಲೇ ಬರೆದುಬಿಟ್ಟ. ಹಾಗಾಗಿ ಊರಿನ ದಫ್ತರದಲ್ಲಿ ನಾನೂ ಮೊಮ್ಮಗಳೂ ಒಂದೇ ದಿನ ಹುಟ್ಟಿದವರು. ಲಸಿಕೆಯ ಚೀಟಿ ಮನೆಗೆ ಎರಡೆರಡು ಬರುತ್ತವೆ. ಮೊನ್ನೆ ಹೋದಾಗ ನರ್ಸ್‌ಬಾಯಿ ಚೀಟಿ ನೋಡಿ, "ಇದರಾಗ ನಿಂಬೆವ್ವ ಅನ್ನೋ ಕೂಸು ಯಾವುದು?" ಎಂದು ಕೇಳಿದಳು. ಸರತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಸೆರಗು ಸರಿಸಿ ತೋಳು ಮುಂದೆ ಮಾಡಿದೆ. ಮೊದಲು ಮೊಮ್ಮಗಳಿಗೆ ಚುಚ್ಚಿದಳು, ಅವಳು ಅತ್ತಳು. ಆಮೇಲೆ ನನಗೆ ಚುಚ್ಚಿದಳು. ನಾನೂ ಅತ್ತೆ, ನನ್ನದೇ ಸ-ದಲ್ಲಿ.